ಕೈ ಡೊಂಕು

ಹೇಮಾವತಿಯ ದಡದಲ್ಲಿರುವ ಒಂದು ಊರಿನ ಹೈಸ್ಕೂಲು ಮೈದಾನದ ಮೂಲೆಯಲ್ಲಿ ಹೊಂಗೆಯ ಮರವೊಂದಿದೆ. ಸಾಯಂಕಾಲ ಐದು ಗಂಟೆಯ ಹೊತ್ತಿಗೆ ಅದರ ಬುಡದ ಕಲ್ಲುಬೆಂಚಿನ ಮೇಲೆ, ಕೊಡೆಯನ್ನು ಮೊಣಕಾಲುಗಳ ನಡುವೆ ಊರಿಕೊಂಡು, ಎಂಬತ್ತರ ಸಮೀಪಕ್ಕೆ ಬಂದ ಗಣಿತದ ಮೇಷ್ಟರೊಬ್ಬರು ಕುಳಿತಿರುತ್ತಾರೆ. ಎದುರಿಗೆ ಹುಡುಗರು ಟೆನ್ನಿಸ್ ಚೆಂಡಿನಿಂದ ಕ್ರಿಕೆಟ್ ಆಡುತ್ತಾರೆ. ಆ ಆಟದಲ್ಲಿ ರನ್ನುಗಳಿಗಿಂತ ಜಗಳಗಳೇ ಹೆಚ್ಚು; ಜಗಳಗಳಲ್ಲಿಯೂ ಎರಡೇ ಬಗೆ. ಒಂದು, ದಾಂಡು ಹಿಡಿದವನು ಔಟಾದನೋ ಇಲ್ಲವೋ ಎಂಬುದು. ಮತ್ತೊಂದು, ಚೆಂಡು ಹಾಕಿದವನು ನಿಜವಾಗಿ ಹಾಕಿದನೋ ಅಥವಾ ಎಸೆದನೋ ಎಂಬುದು. ಮೊದಲನೆಯ ಜಗಳಕ್ಕೆ ಮೇಷ್ಟರು ನಗುತ್ತಾರೆ. “ಥ್ರೋ! ಥ್ರೋ!” ಎಂಬ ಕೂಗೆದ್ದರೆ ಮಾತ್ರ ಅವರ ನಗೆ ಮಾಯವಾಗುತ್ತದೆ, ಕೈಗಳು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹುಡುಗರಿಗೆ ಇದರ ಕಾರಣ ತಿಳಿಯದು. ಅದು 1968ನೆಯ ಇಸವಿಯ ಜನವರಿ ತಿಂಗಳ ಒಂದು ಮಧ್ಯಾಹ್ನಕ್ಕೆ ಸೇರಿದ್ದು.

ಕ್ರಿಕೆಟ್ಟಿನಲ್ಲಿ ಆಸಕ್ತಿಯುಳ್ಳ ಮನೆಗಳಲ್ಲಿಯೂ ಹಾಕುವುದು, ಎಸೆಯುವುದು ಎಂಬೀ ಎರಡರ ಭೇದವನ್ನು ಸರಿಯಾಗಿ ಅರಿತವರು ಕಡಮೆ. ಕೈ ಬಗ್ಗಿದ್ದರೆ ಅದು ಎಸೆತವೆಂದು ಜನರು ಭಾವಿಸುತ್ತಾರೆ. ನಿಯಮವು ಹಾಗೆ ಹೇಳುವುದಿಲ್ಲ. ತೋಳು ಭುಜದ ಮಟ್ಟಕ್ಕೆ ಬಂದ ಕ್ಷಣದಿಂದ ಚೆಂಡು ಕೈಬಿಡುವ ಕ್ಷಣದವರೆಗೆ ಮೊಣಕೈಯು ನೆಟ್ಟಗಾಗಬಾರದು. ಇಷ್ಟೇ ಅದರ ತಿರುಳು. ಬಗ್ಗಿದ ಕೈ ಬಗ್ಗಿದಂತೆಯೇ ಸುತ್ತಿ ಬಂದರೆ ದೋಷವಿಲ್ಲ. ಮಣಿಕಟ್ಟು ಎತ್ತ ತಿರುಗಿದರೂ ದೋಷವಿಲ್ಲ. ಕಲ್ಲು ಹೊಡೆದು ಮಾವಿನಕಾಯಿ ಕೆಡಹುವ ಹುಡುಗನನ್ನು ನೋಡಿದರೆ ಎಸೆತವೆಂಬುದು ಸ್ಪಷ್ಟವಾಗುತ್ತದೆ. ಮಡಿಸಿದ ಅವನ ಮೊಣಕೈ ಚಾಟಿಯಂತೆ ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಿಕೊಳ್ಳುವುದೇ ಕ್ರಿಕೆಟ್ಟಿನಲ್ಲಿ ನಿಷಿದ್ಧ.

ಈ ವಿವಾದವು ಆಟದಷ್ಟೇ ಹಳೆಯದು. ಆದಿಯಲ್ಲಿ ಇಂಗ್ಲೆಂಡಿನಲ್ಲಿ ಕೈಯನ್ನು ಕೆಳಗಿಟ್ಟುಕೊಂಡೇ ಚೆಂಡು ಹಾಕುತ್ತಿದ್ದರು. 1822ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಕೆಂಟ್ ಪ್ರಾಂತದ ಜಾನ್ ವಿಲ್ಸ್ ಎಂಬಾತನು ಕೈಯನ್ನು ಪಕ್ಕಕ್ಕೆ ಚಾಚಿ ಹಾಕಿದಾಗ ಅಂಪೈರು ನೋಬಾಲ್ ಎಂದನು. ವಿಲ್ಸನು ಚೆಂಡನ್ನು ನೆಲಕ್ಕೆ ಬಿಸುಟು, ಕುದುರೆಯೇರಿ ಹೊರಟೇಹೋದನೆಂದು ಕಥೆ. 1835ರಲ್ಲಿ ಆ ಬಗೆಗೆ ನಿಯಮವೇ ಒಪ್ಪಿಗೆಯಿತ್ತಿತು. 1862ರಲ್ಲಿ ಓವಲ್ ಮೈದಾನದಲ್ಲಿ ಎಡ್ಗರ್ ವಿಲ್ಷರನು ಕೈಯನ್ನು ಭುಜಕ್ಕಿಂತ ಮೇಲೆತ್ತಿದನೆಂದು ಜಾನ್ ಲಿಲಿವೈಟ್ ಎಂಬ ಅಂಪೈರು ಒಂದಾದ ಮೇಲೊಂದರಂತೆ ಆರು ಸಲ ನೋಬಾಲ್ ಕೂಗಿದನು. ಅವರಿಬ್ಬರೂ ಸ್ನೇಹಿತರೆಂದು ಹೇಳುತ್ತಾರೆ. ಎರಡು ವರ್ಷ ಕಳೆಯಿತು. 1864ರಲ್ಲಿ ಕೈ ಮೇಲೆತ್ತುವುದೂ ನಿಯಮಬದ್ಧವಾಯಿತು. ನಿನ್ನೆಯ ಅಪರಾಧವು ಇಂದಿನ ಆಚಾರವಾಗುವುದು ಧರ್ಮಶಾಸ್ತ್ರಗಳಲ್ಲಿ ಮಾತ್ರವಲ್ಲ, ಆಟದಲ್ಲಿಯೂ ಉಂಟು. ಆದರೆ ಕೈ ಎಷ್ಟೇ ಮೇಲೇರಿದರೂ ಎಸೆತದ ನಿಷೇಧವು ಉಳಿದೇ ಉಳಿಯಿತು. 1898ರಲ್ಲಿ ಮೆಲ್‌ಬರ್ನಿನಲ್ಲಿ ಜಿಮ್ ಫಿಲಿಪ್ಸ್ ಎಂಬ ಅಂಪೈರು ಆಸ್ಟ್ರೇಲಿಯದ ಎರ್ನಿ ಜೋನ್ಸನಿಗೆ ನೋಬಾಲ್ ಕೂಗಿದನು. ಟೆಸ್ಟ್ ಪಂದ್ಯವೊಂದರಲ್ಲಿ ಎಸೆತಕ್ಕಾಗಿ ಕೂಗಿದ ಮೊದಲ ನೋಬಾಲ್ ಅದು.

ಮೇಷ್ಟರು ಈ ವೃತ್ತಾಂತಗಳನ್ನೆಲ್ಲ ಬಹಳ ಕಾಲದ ಮೇಲೆ ಓದಿ ತಿಳಿದುಕೊಂಡರು. ಹುಡುಗರಾಗಿದ್ದಾಗ ಅವರಿಗೆ ತಿಳಿದಿದ್ದುದು ಆಟವೊಂದೇ. ತೆಂಗಿನ ನಾರಿನ ಮ್ಯಾಟನ್ನು ಇಬ್ಬರು ಹೊತ್ತು ತಂದು, ನೆಲದ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆಯುವುದು. ಶಾಲೆಗೆಲ್ಲ ಇದ್ದ ಎರಡು ದಾಂಡುಗಳಿಗೆ ಅಗಸೆಯೆಣ್ಣೆ ಹಚ್ಚುವುದು. ಹೊಲಿಗೆ ಬಿಟ್ಟ ಚೆಂಡನ್ನು ಚಮ್ಮಾರನ ಹತ್ತಿರ ಒಯ್ದು ಬೇಡಿಕೊಂಡು ಹೊಲಿಸುವುದು. ಇವೆಲ್ಲವೂ ಆಟದ ಭಾಗವೇ ಆಗಿದ್ದುವು. ಅವರು ವಿಕೆಟ್ಟಿನ ಹಿಂದೆ ನಿಲ್ಲುತ್ತಿದ್ದರು. ಅವರ ಕೈಗವಸಿಗೆ ಚೆಂಡನ್ನು ಒಪ್ಪಿಸುತ್ತಿದ್ದವನು ಅದೇ ಬೀದಿಯ, ಅದೇ ತರಗತಿಯ ಒಬ್ಬ ಗೆಳೆಯ.

ಆ ಗೆಳೆಯನು ಒಂಬತ್ತು ವರ್ಷದವನಿದ್ದಾಗ ನೇರಳೆಯ ಮರದಿಂದ ಬಿದ್ದು ಬಲಗೈಯನ್ನು ಮುರಿದುಕೊಂಡಿದ್ದನು. ನಾಟಿವೈದ್ಯನೊಬ್ಬನು ಸೊಪ್ಪಿನ ರಸ ಹಚ್ಚಿ ಬಿದಿರಿನ ದಬ್ಬೆ ಕಟ್ಟಿದನು. ಮೂಳೆ ಕೂಡಿತು, ಕೈ ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಊಟಕ್ಕೆ, ಬರೆವಣಿಗೆಗೆ, ಸೈಕಲ್ಲಿಗೆ ಅದರಿಂದ ಯಾವ ತೊಡಕೂ ಇರಲಿಲ್ಲ. ಆ ಡೊಂಕು ಕೈಯಿಂದ ಹೊರಟ ಚೆಂಡು ಮ್ಯಾಟಿನ ಮೇಲೆ ಬಿದ್ದು, ಹೆಡೆಯೆತ್ತಿದಂತೆ ಚಿಮ್ಮಿ, ದಾಂಡಿಗನ ಕಡೆಗೆ ಒಳಕ್ಕೆ ತಿರುಗುತ್ತಿದ್ದಿತು. ಸುತ್ತಮುತ್ತಣ ನಾಲ್ಕು ಹೈಸ್ಕೂಲುಗಳಲ್ಲಿ ಅದನ್ನು ಸರಿಯಾಗಿ ಎದುರಿಸಿದ ಹುಡುಗನಿರಲಿಲ್ಲ.

1962ರ ಮಾರ್ಚಿಯಲ್ಲಿ ಬಾರ್ಬಡೋಸಿನಿಂದ ಒಂದು ದುಃಖದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಭಾರತ ತಂಡದ ನಾಯಕ ನಾರಿ ಕಂಟ್ರಾಕ್ಟರರಿಗೆ ಚಾರ್ಲಿ ಗ್ರಿಫಿತ್ ಹಾಕಿದ ವೇಗದ ಚೆಂಡು ತಲೆಗೆ ಬಡಿದು ಬುರುಡೆ ಬಿರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಎದುರು ತಂಡದ ಫ್ರಾಂಕ್ ವೊರೆಲ್ ತಾವೇ ರಕ್ತ ಕೊಟ್ಟರು. ಕಂಟ್ರಾಕ್ಟರರ ಪ್ರಾಣ ಉಳಿಯಿತು. ಆದರೆ ಅವರು ಮತ್ತೆ ಟೆಸ್ಟ್ ಆಡಲಿಲ್ಲ. ಅದೇ ಪಂದ್ಯದಲ್ಲಿ ಗ್ರಿಫಿತನಿಗೆ ಎಸೆತಕ್ಕಾಗಿ ಒಂದು ನೋಬಾಲ್ ಕೂಗಲಾಗಿತ್ತೆಂಬ ಸಂಗತಿಯೂ ತಿಳಿಯಿತು. ಮೈದಾನದಿಂದ ಮನೆಗೆ ಬರುವ ದಾರಿಯಲ್ಲಿ ಗೆಳೆಯನು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದನು: “ನನ್ನ ಕೈ ನೋಡಿ ಯಾರಾದರೂ ಹಾಗಂದರೆ ಏನು ಮಾಡೋದೋ?”

“ನೀನು ಎಸೆಯೋದಿಲ್ಲ ಕಣೋ. ವಿಕೆಟ್ ಹಿಂದೆ ನಿಂತು ದಿನಾ ನೋಡೋನು ನಾನು. ಯಾರಾದರೂ ಅಂದರೆ ನನ್ನ ಕೇಳು ಅನ್ನು,” ಎಂದು ಇವರು ಭರವಸೆ ಕೊಟ್ಟರು.

ಹೈಸ್ಕೂಲು ಮುಗಿದ ಮೇಲೆ ಇಬ್ಬರ ದಾರಿ ಬೇರೆಯಾಯಿತು. ಇವರು ಮೈಸೂರಿಗೆ ಹೋಗಿ ಬಿ.ಎಸ್‌ಸಿ. ಮಾಡಿದರು. ಗೆಳೆಯನು ಪಕ್ಕದ ತಾಲ್ಲೂಕಿನಲ್ಲಿದ್ದ ಸೋದರಮಾವನ ಮನೆ ಸೇರಿ, ಅಲ್ಲಿಯ ಕ್ಲಬ್ಬಿಗೆ ಆಡತೊಡಗಿದನು. 1968ರ ಸಂಕ್ರಾಂತಿಯ ವಾರದಲ್ಲಿ ಎರಡು ಊರುಗಳ ಕ್ಲಬ್ಬುಗಳು ಒಂದು ಸಣ್ಣ ಬೆಳ್ಳಿಯ ಬಟ್ಟಲಿಗಾಗಿ ಎದುರುಬದುರಾದುವು. ಪಂದ್ಯ ನಡೆದದ್ದು ಇದೇ ಮೈದಾನದಲ್ಲಿ. ಹೊಂಗೆಯ ಮರದ ಕೆಳಗೆ ಶಾಲೆಯ ಕಪ್ಪುಹಲಗೆಯನ್ನು ನಿಲ್ಲಿಸಿ ಸೀಮೆಸುಣ್ಣದಿಂದ ಲೆಕ್ಕ ಬರೆಯುತ್ತಿದ್ದರು. ಅಂದಿನ ಪದ್ಧತಿಯಂತೆ, ದಾಂಡು ಹಿಡಿದ ತಂಡದವರೇ ತಮ್ಮಲ್ಲಿ ಇಬ್ಬರನ್ನು ಅಂಪೈರುಗಳಾಗಿ ನಿಲ್ಲಿಸಬೇಕು. ಅಂಪೈರಿನ ಬಿಳಿಯ ಕೋಟು ಎಂದರೆ ಶಾಲೆಯ ಪ್ರಯೋಗಶಾಲೆಯಿಂದ ಎರವಲು ತಂದ ಕೋಟು. ಅದರ ಜೇಬಿನಲ್ಲಿ ಗಂಧಕಾಮ್ಲ ಸುಟ್ಟ ತೂತುಗಳಿದ್ದುವು.

ಬಂದವರು ತೊಂಬತ್ತಮೂರು ರನ್ನು ಮಾಡಿದರು. ಊರಿನವರು ಬೆನ್ನಟ್ಟಿದರು. ಗೆಳೆಯನು ಆರು ವಿಕೆಟ್ಟುಗಳನ್ನು ಕೆಡವಿದನು. ನಾಲ್ಕು ರನ್ನು ಮಾಡಿದ್ದ ಇವರ ವಿಕೆಟ್ಟೂ ಅವುಗಳಲ್ಲಿ ಒಂದು. ಕಪ್ಪುಹಲಗೆಯ ಮೇಲೆ ಎಪ್ಪತ್ತೊಂದು ರನ್ನು, ಎಂಟು ವಿಕೆಟ್ಟು ಎಂದು ಬರೆದಿದ್ದಿತು. ಗೆಲ್ಲಲು ಇನ್ನೂ ಇಪ್ಪತ್ತಮೂರು ಬೇಕು. ಅಂಪೈರಾಗಿದ್ದವನು ದಾಂಡು ಹಿಡಿಯಲು ಹೊರಡಬೇಕಾದ್ದರಿಂದ ಆ ಕೋಟು ಇವರ ಪಾಲಿಗೆ ಬಂದಿತು. ಅದನ್ನು ತೊಡಿಸುತ್ತ ಕ್ಲಬ್ಬಿನ ನಾಯಕನು ಕಿವಿಯ ಬಳಿ ಹೇಳಿದನು: “ಅವನ ಕೈ ನೋಡಿದೆಯೇನಯ್ಯ? ಅಪ್ಪಟ ಡೊಂಕು. ಅಂಪೈರ್ ಅಂತ ನಿಂತ ಮೇಲೆ ಕಣ್ಣು ಬಿಟ್ಟುಕೊಂಡು ನೋಡಬೇಕು.”

ನಾಯಕನು ಹೇಳಿದ್ದು ಇಷ್ಟೇ. ಸುಳ್ಳು ಹೇಳೆಂದು ಅವನು ಹೇಳಲಿಲ್ಲ. ನೋಡೆಂದು ಮಾತ್ರ ಹೇಳಿದನು. ಇವರು ಸ್ಕ್ವೇರ್ ಲೆಗ್ಗಿನಲ್ಲಿ ನಿಂತು ನೋಡಿದರು. ಆರು ವರ್ಷ ವಿಕೆಟ್ಟಿನ ಹಿಂದಿನಿಂದ ಕಾಣದಿದ್ದ ವಸ್ತು ಅಂದು ಪಕ್ಕದಿಂದ ಕಂಡಿತು. ಕೈ ಮೇಲೇಳುವಾಗ ಡೊಂಕು. ಚೆಂಡು ಬಿಡುವಾಗ ನೆಟ್ಟಗೆ. ಒಂದು ಚೆಂಡನ್ನು ನೋಡಿದರು, ಎರಡನ್ನು ನೋಡಿದರು. ಮೂರನೆಯದಕ್ಕೆ “ನೋಬಾಲ್!” ಎಂಬ ಶಬ್ದ ಅವರ ಬಾಯಿಂದ ಹೊರಬಿದ್ದಿತು. ಅದೇ ಕ್ಷಣದಲ್ಲಿ ದಾಂಡಿಗನ ನಡುಗೂಟ ಉರುಳಿತ್ತು. ಒಂಬತ್ತನೆಯ ವಿಕೆಟ್ಟಾಗಬೇಕಾಗಿದ್ದ ಅದು ಒಂದು ರನ್ನಾಯಿತು.

ಗೆಳೆಯನು ತಿರುಗಿ ನೋಡಿದನು. ಕಾಲು ಗೆರೆ ದಾಟಿತೆಂದು ತಿಳಿದು ಓಟದ ಗುರುತನ್ನು ಒಂದಡಿ ಹಿಂದಕ್ಕೆ ಸರಿಸಿಕೊಂಡನು. ಮತ್ತೊಂದು ಚೆಂಡು ಹಾಕಿದನು. ಮತ್ತೆ ಸ್ಕ್ವೇರ್ ಲೆಗ್ಗಿನಿಂದ ಕೂಗು. ಆಗ ಅವನಿಗೆ ಅರ್ಥವಾಯಿತು. ಕಾಲಿನ ನೋಬಾಲನ್ನು ಆ ಕಡೆಯ ಅಂಪೈರು ಕೂಗುವುದಿಲ್ಲ. ಮೂರನೆಯ ಕೂಗಾದ ಮೇಲೆ ಅವನು ತನ್ನ ನಾಯಕನ ಹತ್ತಿರ ಹೋಗಿ ಏನೋ ಹೇಳಿದನು. ಉಳಿದ ಚೆಂಡುಗಳನ್ನು ನಿಧಾನವಾಗಿ, ತಿರುವೇ ಇಲ್ಲದೆ ಹಾಕಿ ಓವರನ್ನು ಮುಗಿಸಿ, ದೂರದ ಗಡಿಯಲ್ಲಿ ಹೋಗಿ ನಿಂತನು. ಊರಿನವರು ಒಂದು ವಿಕೆಟ್ಟಿನಿಂದ ಗೆದ್ದರು.

ಸಾಯಂಕಾಲ ಎರಡು ತಂಡಗಳಿಗೂ ಉಪ್ಪಿಟ್ಟು, ಕಾಫಿ. ಗೆಳೆಯನು ತನ್ನ ಎಲೆಯನ್ನು ಹಿಡಿದುಕೊಂಡು ಬಂದು ಇವರ ಪಕ್ಕದಲ್ಲೇ ಕುಳಿತನು. ಮನೆಯವರ ಯೋಗಕ್ಷೇಮ ವಿಚಾರಿಸಿದನು. ಕೈ ತೊಳೆಯಲು ಎದ್ದಾಗ ಮಾತ್ರ, “ನಿನಗೆ ಹಾಗೆ ಕಾಣಿಸಿತೇನೋ?” ಎಂದು ಕೇಳಿದನು. “ಕಾಣಿಸಿತು,” ಎಂದು ಇವರು ಹೇಳಿದರು. ಅದು ನಿಜವೂ ಆಗಿತ್ತು. ಅವನು ತಲೆಯಾಡಿಸಿ ಹೊರಟುಹೋದನು. ಅನಂತರ ಅವನು ಯಾವ ಪಂದ್ಯದಲ್ಲಿಯೂ ಚೆಂಡು ಹಾಕಲಿಲ್ಲವೆಂದು ಕೇಳಿಬಂದಿತು. ಇಬ್ಬರ ನಡುವೆ ಕಾಗದಗಳು ಕಡಮೆಯಾದುವು. ಮದುವೆಯ ಕರೆಯೋಲೆಗಳು ಹೋದುವು, ಬಂದುವು. ಹೋಗಿ ಉಂಡವರು ಯಾರೂ ಇಲ್ಲ.

ಮೇಷ್ಟರು ಬಹುದಿನ ತಮ್ಮ ತೀರ್ಪನ್ನು ನಿಯಮದಿಂದಲೇ ಸಮರ್ಥಿಸಿಕೊಂಡರು. 1947ರ ನಿಯಮಾವಳಿಯಲ್ಲಿ, ಚೆಂಡು ಎಸೆತವಲ್ಲವೆಂಬ ವಿಷಯದಲ್ಲಿ ಇಬ್ಬರು ಅಂಪೈರುಗಳಲ್ಲಿ ಯಾರೊಬ್ಬನಿಗಾದರೂ ಪೂರ್ಣ ಸಮಾಧಾನವಿಲ್ಲದಿದ್ದರೆ ಅವನು ನೋಬಾಲ್ ಕೂಗತಕ್ಕದ್ದೆಂದಿತ್ತು. ಔಟಿನ ವಿಷಯದಲ್ಲಿ ಸಂಶಯದ ಲಾಭ ದಾಂಡಿಗನಿಗೆ. ಇಲ್ಲಿಯಾದರೋ ಸಂಶಯದ ಭಾರವೆಲ್ಲ ಚೆಂಡು ಹಾಕುವವನ ಮೇಲೆ. ಇಂಥ ತೀರ್ಪು ಒಬ್ಬನ ಆಟವನ್ನೇ ಮುಗಿಸಬಲ್ಲದೆಂಬುದಕ್ಕೆ ನಿದರ್ಶನಗಳೂ ಇದ್ದುವು. 1960ರಲ್ಲಿ ದಕ್ಷಿಣ ಆಫ್ರಿಕದ ಜೆಫ್ ಗ್ರಿಫಿನ್ ಲಾರ್ಡ್ಸ್ ಟೆಸ್ಟಿನಲ್ಲಿ ಮೂರು ಚೆಂಡುಗಳಿಗೆ ಮೂರು ವಿಕೆಟ್ ಪಡೆದನು. ಅದೇ ಪಂದ್ಯದಲ್ಲಿ ಎಸೆತಕ್ಕಾಗಿ ಹನ್ನೊಂದು ಸಲ ನೋಬಾಲ್ ಎನಿಸಿಕೊಂಡನು. ಆತನ ಮೊಣಕೈಯೂ ಬಾಲ್ಯದ ಅಪಘಾತದಿಂದ ಕೆಟ್ಟದ್ದೇ. ಪಂದ್ಯ ಬೇಗ ಮುಗಿದುದರಿಂದ ಆಡಿದ ವಿನೋದದ ಆಟದಲ್ಲಿಯೂ ಅವನಿಗೆ ಮತ್ತೆ ನೋಬಾಲ್ ಕೂಗಿದರು. ಆ ಓವರನ್ನು ಮುಗಿಸಲು ಅವನು ಕೈ ಕೆಳಗಿನಿಂದ ಹಾಕಿದರೆ, ಬಗೆ ಬದಲಿಸುವುದನ್ನು ಮುಂಚಿತವಾಗಿ ತಿಳಿಸಲಿಲ್ಲವೆಂದು ಅದೂ ನೋಬಾಲಾಯಿತು. 1963ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯದ ಇಯನ್ ಮೆಕಿಫ್‌ಗೆ ಕಾಲಿನ್ ಎಗರ್ ಎಂಬ ಅಂಪೈರು ಒಂದೇ ಓವರಿನಲ್ಲಿ ನಾಲ್ಕು ಸಲ ಕೂಗಿದನು. ನಾಯಕ ರಿಚೀ ಬೆನೊ ಅವನಿಗೆ ಮತ್ತೆ ಚೆಂಡು ಕೊಡಲಿಲ್ಲ. ಆ ಪಂದ್ಯದೊಡನೆ ಮೆಕಿಫನ ಆಟ ಮುಗಿಯಿತು.

ಸಮರ್ಥನೆ ಎಷ್ಟೇ ಬಲವಾಗಿದ್ದರೂ ಮನಸ್ಸು ಒಳಗೆ ಬೇರೊಂದು ಲೆಕ್ಕ ಮಾಡುತ್ತಿತ್ತು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಮೂವತ್ತೆಂಟು ರನ್ನಿಗೆ ಆರು ವಿಕೆಟ್ ಕೆಡವಿ, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯಕ್ಕೆ ಕಾರಣರಾದಾಗ ಊರಿಗೆ ಊರೇ ರೇಡಿಯೋಗಳ ಸುತ್ತ ನೆರೆದಿತ್ತು. ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ ಬಲಗೈ ಅದು. ಆ ಸೊರಗಿದ ಕೈಯೇ ಚಾವಟಿಯಂತೆ ಬೀಸಿ ಚೆಂಡಿಗೆ ಅನಿರೀಕ್ಷಿತವಾದ ವೇಗವನ್ನು ಕೊಡುತ್ತದೆಂದು ಬಲ್ಲವರು ಹೇಳಿದರು. ಎಲ್ಲರೊಡನೆ ಮೇಷ್ಟರೂ ಚಪ್ಪಾಳೆ ತಟ್ಟಿದರು. ಅಂದು ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ.

1995ರ ಡಿಸೆಂಬರ್ 26ರಂದು ಮೆಲ್‌ಬರ್ನಿನಲ್ಲಿ ಡ್ಯಾರೆಲ್ ಹೇರ್ ಎಂಬ ಅಂಪೈರು ಶ್ರೀಲಂಕೆಯ ಮುತ್ತಯ್ಯ ಮುರಳೀಧರನ್‌ಗೆ ಏಳು ಸಲ ನೋಬಾಲ್ ಕೂಗಿದುದನ್ನು ಅವರು ಓದಿದರು. ಮುರಳೀಧರನ್‌ಗೆ ಹುಟ್ಟಿನಿಂದಲೇ ಮೊಣಕೈ ಪೂರ್ತಿ ಚಾಚದು. ಆದರೆ ಕಾಲವು ಬದಲಾಗಿತ್ತು. ವಿವಾದವು ಅಂಪೈರಿನ ಕಣ್ಣಿನಿಂದ ವಿಜ್ಞಾನಿಗಳ ಯಂತ್ರಗಳಿಗೆ ಹೋಯಿತು. ವೇಗದ ಕ್ಯಾಮೆರಾಗಳಿಂದ ಅಳೆದು ನೋಡಿದಾಗ, ಯಾರ ಕೈ ಅತ್ಯಂತ ಶುದ್ಧವೆಂದು ಜಗತ್ತು ನಂಬಿತ್ತೋ ಅಂಥವರ ಮೊಣಕೈಯೂ ಸ್ವಲ್ಪ ನೆಟ್ಟಗಾಗುವುದೆಂದು ತಿಳಿದುಬಂದಿತು. ವೇಗದವರಿಗೆ 10, ಮಧ್ಯಮ ವೇಗದವರಿಗೆ 7.5, ತಿರುವಿನವರಿಗೆ 5 ಡಿಗ್ರಿ ಎಂದು ಮೊದಲು ಇಟ್ಟಿದ್ದ ಮಿತಿಯನ್ನು ತೆಗೆದು, 2005ರ ಮಾರ್ಚಿಯಿಂದ ಎಲ್ಲರಿಗೂ 15 ಡಿಗ್ರಿಯೆಂದು ಅಂತಾರಾಷ್ಟ್ರೀಯ ಮಂಡಲಿಯು ಗೊತ್ತುಮಾಡಿತು. ಅದಕ್ಕಿಂತ ಕಡಮೆಯಾದುದು ಬರಿಗಣ್ಣಿಗೆ ಕಾಣುವುದು ಕಷ್ಟವೆಂಬುದು ಒಂದು ಕಾರಣ. ಮುರಳೀಧರನ್ 2010ರಲ್ಲಿ ಗಾಲೆಯಲ್ಲಿ ಎಂಟುನೂರನೆಯ ಟೆಸ್ಟ್ ವಿಕೆಟ್ ಪಡೆದು ಟೆಸ್ಟ್ ಆಟದಿಂದ ನಿವೃತ್ತರಾದರು.

ಈ ಹೊಸ ಮಿತಿಯ ಸುದ್ದಿ ಬಂದಾಗ ಮೇಷ್ಟರು ಕೆಲಸದಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಬಗ್ಗಿದ ಕೈ ಸುತ್ತುವಾಗ, ನೆಟ್ಟಗಾಗದಿದ್ದರೂ ನೆಟ್ಟಗಾದಂತೆ ಕಾಣುವುದುಂಟೆಂದು ಅವರು ಎಲ್ಲಿಯೋ ಓದಿದರು. ಗಣಿತದ ಮೇಷ್ಟರಿಗೆ ಓದಿದ್ದು ಸಾಲದು. ಅಂದು ರಾತ್ರಿ ಹಳೆಯ ಕೊಡೆಯ ಕಡ್ಡಿಯೊಂದನ್ನು ಕಿತ್ತು ಮೊಣಕೈಯಂತೆ ಬಗ್ಗಿಸಿ, ಟಾರ್ಚಿನ ಬೆಳಕಿಗೆ ಹಿಡಿದು, ಅಡಿಗೆಮನೆಯ ಗೋಡೆಯ ಮೇಲೆ ಅದರ ನೆರಳನ್ನು ಬೀಳಿಸಿ ತಿರುಗಿಸಿದರು. ನೆರಳು ಮೊದಲು ಡೊಂಕಾಗಿದ್ದು, ಬರಬರುತ್ತ ನೆಟ್ಟಗಾಯಿತು. ಇನ್ನೂ ತಿರುಗಿಸಿದರೆ ಮತ್ತೆ ಡೊಂಕಾಯಿತು. ಕಡ್ಡಿಯಾದರೋ ಬಗ್ಗಿದಷ್ಟೇ ಬಗ್ಗಿತ್ತು.

“ಏನೂಂದ್ರೆ, ಇರೋ ಕೊಡೇನೂ ಹಾಳು ಮಾಡಿದಿರಾ?” ಎಂದು ಅವರ ಹೆಂಡತಿ ಕೇಳಿದರು.

ಮೇಷ್ಟರು ಉತ್ತರ ಕೊಡಲಿಲ್ಲ. ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ತಾವೇ ಬರೆದು ಪಾಠ ಹೇಳಿದ್ದ ರೇಖಾಗಣಿತವದು. ಒಂದು ವಸ್ತುವಿನ ನೆರಳಿನ ಕೋನವು ಆ ವಸ್ತುವಿನ ಕೋನವಲ್ಲ.

ಮರುವಾರ ಅವರು ಜೇಬಿನಲ್ಲಿ ಒಂದು ಕೋನಮಾಪಕವನ್ನಿಟ್ಟುಕೊಂಡು ಬಸ್ಸು ಹತ್ತಿದರು. ಗೆಳೆಯನು ಕಾಫಿಯ ತೋಟವೊಂದರಲ್ಲಿ ರೈಟರಾಗಿದ್ದು, ಅಲ್ಲಿಯೇ ಸಮೀಪದಲ್ಲಿ ಮನೆ ಮಾಡಿಕೊಂಡಿದ್ದನು. ಜಗಲಿಯಲ್ಲಿ ಕುಳಿತು ಮೆಣಸು ಆರಿಸುತ್ತಿದ್ದವನು ತಲೆಯೆತ್ತಿ, ಮೂವತ್ತೇಳು ವರ್ಷಗಳ ಮೇಲೆ ಬಂದವರನ್ನು ನೆನ್ನೆ ಬಂದು ಹೋದವರಂತೆ, “ಬಾರೋ, ಕೂತುಕೊ,” ಎಂದನು. ಒಳಗಿನಿಂದ ಕಾಫಿ ಬಂದಿತು. ಮೇಷ್ಟರು ಮುರಳೀಧರನ್ ವಿಷಯ ಹೇಳಿದರು. ಹದಿನೈದು ಡಿಗ್ರಿಯ ವಿಷಯ ಹೇಳಿದರು. ನೆರಳಿನ ವಿಷಯವನ್ನೂ ಹೇಳಿದರು. ಕೊನೆಗೆ ಕೋನಮಾಪಕವನ್ನು ಹೊರತೆಗೆದಾಗ ಗೆಳೆಯನು ಗಟ್ಟಿಯಾಗಿ ನಕ್ಕು ಅಂಗಿಯ ತೋಳನ್ನು ಮಡಿಸಿ ಕೈ ಚಾಚಿದನು. ಎಷ್ಟು ಒತ್ತಿದರೂ ಆ ಕೈ ಮೂವತ್ತು ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಲಿಲ್ಲ.

“ಹಾಗಾದರೆ ಆವತ್ತು ನಾನು ನೋಡಿದ್ದು ಸುಳ್ಳು,” ಎಂದರು ಮೇಷ್ಟರು. “ಈ ಕೈ ನೆಟ್ಟಗಾಗೋದೇ ಇಲ್ಲವಲ್ಲೋ.”

“ಅದನ್ನ ಹೇಗೆ ಹೇಳ್ತೀಯೆ? ಮಡಿಸಿಕೊಂಡು ಬಂದು ಇಷ್ಟರ ತನಕ ಬಿಚ್ಚಿದರೂ ಎಸೆದಹಾಗೇ ತಾನೆ? ಜೋರಿನಲ್ಲಿ ಹಾಕುವಾಗ ಕೈ ಏನು ಮಾಡ್ತಿತ್ತೋ, ನನಗೆ ತಾನೆ ಏನು ಗೊತ್ತು? ನೋಬಾಲ್ ಕೊಟ್ಟದ್ದಕ್ಕೆ ನನಗೆ ಬೇಜಾರಾಗಲಿಲ್ಲ ಕಣೋ. ಅದು ಅಂಪೈರ್ ಕೆಲಸ.” ಗೆಳೆಯನು ಮೆಣಸಿನ ಮೊರವನ್ನು ಪಕ್ಕಕ್ಕಿಟ್ಟನು. “ನಿಮ್ಮ ಕಡೆ ಆಡುವಾಗ ಆರು ವರ್ಷ ಕಾಣಿಸದೆ ಇದ್ದದ್ದು ಎದುರು ಕಡೆ ಹೋದ ದಿವಸವೇ ಹೇಗೆ ಕಾಣಿಸಿತು ಅಂತ, ಅದೊಂದು ಮಾತ್ರ ಯೋಚನೆ ಮಾಡ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಕೈ ಡೊಂಕು ಅಂದಿರಿ, ಅಷ್ಟೇ.”

ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಆದಕಾರಣವೇ ಮೇಷ್ಟರಿಗೆ ಉತ್ತರ ತೋಚಲಿಲ್ಲ. ವಿಕೆಟ್ಟಿನ ಹಿಂದಿನಿಂದ ಕೈಯ ಪಕ್ಕ ಕಾಣುವುದಿಲ್ಲವೆಂದು ಹೇಳಬಹುದಾಗಿತ್ತು. ಅದು ದೃಗ್ವಿಜ್ಞಾನಕ್ಕೆ ಸರಿಯಾದ ಮಾತು. ಆದರೆ 1962ರಲ್ಲಿ ಅಲ್ಲಿಂದಲೇ ಎಲ್ಲವನ್ನೂ ನೋಡಿದ್ದೇನೆಂದು ಭರವಸೆ ಕೊಟ್ಟವರು ತಾವೇ. ಅವರು, “ಕಾಣಬೇಕು ಅಂತ ನೋಡಿದೆ ಕಣೋ, ಕಾಣಿಸಿತು,” ಎಂದರು. ಗೆಳೆಯನು ಮತ್ತೊಂದು ಲೋಟ ಕಾಫಿ ತರಹೇಳಿದನು. ಕೊನೆಯ ಬಸ್ಸಿನವರೆಗೆ ಇಬ್ಬರೂ ಹಳೆಯ ಪಂದ್ಯಗಳ ಲೆಕ್ಕವನ್ನು ನೆನಸಿಕೊಂಡರು. ಹಲವೆಡೆ ಇಬ್ಬರ ಲೆಕ್ಕ ಕೂಡಲಿಲ್ಲ.

ಆ ಗೆಳೆಯನು ಈಗಿಲ್ಲ. ಬದುಕಿದ್ದಷ್ಟು ಕಾಲ ವರ್ಷಕ್ಕೊಮ್ಮೆ ಸಂಕ್ರಾಂತಿಯ ವಾರದಲ್ಲಿ ಮೇಷ್ಟರು ಆ ಜಗಲಿಗೆ ಹೋಗಿಬರುತ್ತಿದ್ದರು. ಕೋನಮಾಪಕವನ್ನು ಮತ್ತೆ ಒಯ್ಯಲಿಲ್ಲ.

ಹೊಂಗೆಯ ಮರದ ಕೆಳಗೆ ಒಮ್ಮೊಮ್ಮೆ ಜಗಳ ಬಿಗಡಾಯಿಸಿದಾಗ ಹುಡುಗರು ಓಡಿಬಂದು, “ಮೇಷ್ಟ್ರೇ, ನೀವೇ ಬಂದು ಹೇಳಿ ಸಾರ್, ಇವನು ಎಸೀತಾನೋ ಇಲ್ಲವೋ,” ಎಂದು ಅಂಗಲಾಚುತ್ತಾರೆ. ಮೇಷ್ಟರು ಸುಲಭವಾಗಿ ಏಳುವುದಿಲ್ಲ. ಬಹಳ ಬಲವಂತವಾದರೆ ಕೊಡೆಯನ್ನೂರಿಕೊಂಡು ಎದ್ದು, ದೂರು ತಂದ ಹುಡುಗನನ್ನೇ ಮೊದಲು ಕೇಳುತ್ತಾರೆ: “ನಿಮ್ಮ ಕಡೆ ಚೆಂಡು ಹಾಕೋನು ಯಾರಪ್ಪ? ಕರಿ ಅವನನ್ನ. ಮೊದಲು ಅವನ ಕೈ ನೋಡೋಣ.”